ಹೆಗಲ ಮೇಲಿನ ಕೈ

ಆ ಕೈ ನನ್ನದು.

ಮೊದಲು ಇದನ್ನು ಬರೆದುಕೊಳ್ಳಪ್ಪಾ, ಉಳಿದದ್ದು ಆಮೇಲೆ.
ನಿಮ್ಮ ಐದನೇ ಪುಟದ ಚಿತ್ರದಲ್ಲಿ
ನನ್ನ ಮಗಳ ಎಡಹೆಗಲ ಮೇಲೆ
ಮಣಿಕಟ್ಟಿನ ತನಕ ಮಾತ್ರ ಉಳಿದು
ಊರಿಗೆಲ್ಲ ಒಗಟಾದ ಕೈ,
‘ಯಾವನದ್ದೋ!’ ಎಂದು ಟ್ರಾಲಿ ಬಸ್ಸಿನಲ್ಲಿ
ಮುಂದಿನ ಸೀಟಿನವರು ಬೆರಳಿಟ್ಟು ತೋರಿಸಿದ ಕೈ,
ಮೆರ್ಲೂಸಾ ಮೀನಿನ ಹೊಟ್ಟೆ ಸೀಳಿ ಸೀಳಿ
ತೋರುಬೆರಳಲ್ಲಿ ಅರ್ಧ ಉಗುರಿಲ್ಲದ ಕೈ.
ಈ ವಾಲ್ಪರೈಸೊದ ಮೀನುಕಟ್ಟೆಯಲ್ಲಿ
ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು:
ಅದು ನೋಲ್ಫಾಳದು.

ಚಿತ್ರ ಕೇಳಲು ಬಂದ ಹುಡುಗನಿಗೆ ಎರಡು ಕೊಟ್ಟಿದ್ದೆ.
ಒಂದರಲ್ಲಿ ಯಸ್ನಾ ಕೆಲಸದ ನೀಲಿ ಅಂಗಿಯಲ್ಲಿ,
ಗುಡ್ಡದ ಹಳಿಗಾಡಿಯ ಬ್ರೇಕು ಹಿಡಿದು, ಹುಬ್ಬು ಗಂಟಿಕ್ಕಿ.
ಇನ್ನೊಂದು ನನ್ನ ಅರವತ್ತನೇ ಹುಟ್ಟುಹಬ್ಬದ್ದು.
ವೈನಿನ ಲೋಟವೂ ನನ್ನದೇ.
ಸ್ವಲ್ಪ ಹಿಡಿದುಕೊಳ್ಳೇ ಎಂದು ಕೊಟ್ಟಿದ್ದೆ,
ತಬ್ಬಲು ಕೈ ಖಾಲಿ ಬೇಕಿತ್ತಲ್ಲ.

ನಿಮ್ಮ ಕತ್ತರಿ ನನ್ನನ್ನು ತೆಗೆಯಿತು,
ಲೋಟವನ್ನು ಉಳಿಸಿತು.

ರಾತ್ರಿ ಹನ್ನೊಂದೂವರೆಗೆ, ಒಬ್ಬಂಟಿಯಾಗಿ
ಮೆಟ್ಟಿಲಿಳಿಯುತ್ತಿದ್ದ ಚೆಲುವೆ, ಎಂದು ಬರೆದಿದ್ದೀರಿ.
ಹನ್ನೊಂದೂವರೆಗೆ, ಸ್ವಾಮಿ, ಕೊನೆಯ ಗಾಡಿ ನಿಲ್ಲುತ್ತದೆ.
ನಿಲ್ಲಿಸಿ ಬೀಗ ಹಾಕುವವಳು ಅವಳೇ.
ರಾತ್ರಿಪಾಳಿ ಮುಗಿಸಿದ ನಿಮ್ಮ ಅಚ್ಚುಮನೆಯವರನ್ನು
ಒಂಬತ್ತು ವರ್ಷ ಬೆಟ್ಟ ಹತ್ತಿಸಿದ್ದಾಳೆ,
ಅವರಲ್ಲೊಬ್ಬನಿಗೂ ನೆನಪಾಗಲಿಲ್ಲವೇ
ಅವಳಿಗೊಂದು ಕೆಲಸವಿತ್ತೆಂದು?

ಆಮೇಲೆ ಅವನ ಎದೆನೋವಿಗೆ ಹದಿನಾಲ್ಕು ಸಾಲು.
ಎಣಿಸಿದ್ದೇನೆ. ಸೌಮ್ಯ, ನೊಂದ ಜೀವ,
ಅವಳು ಬೇಡವೆಂದದ್ದನ್ನು ತಾಳಲಾರದೆ
ಕೈ ಮೀರಿ ಹೋಯಿತಂತೆ. ಏನು ಹೋಯಿತು? ಎಲ್ಲಿಗೆ?
ಚಾಕು ತಾನೇ ನಡೆದು ಬಂದಂತೆ ಬರೆದಿದ್ದೀರಿ.
ನಲವತ್ತು ವರ್ಷ ಚಾಕು ಹಿಡಿದವಳು ನಾನು.
ಅದಕ್ಕೆ ಕಾಲಿಲ್ಲ.

ಅದೇ ಪುಟದ ಬಲಕ್ಕೆ ಹೆರಿಬೆರ್ತೋ ಅಸ್ತುದಿಯ್ಯೋ ಅವರು.
ಅವರು! ನನ್ನ ಮಗಳು ‘ಈಕೆ’.
ಜೂಜಿನ ಮನೆಯ ಹೊರಗೆ, ಬೆಳಗಿನ ಜಾವ ಮೂರಕ್ಕೆ ಇರಿತ.
ಆ ಹೊತ್ತಿಗೆ ಅಲ್ಲೇಕಿದ್ದರು ಎಂದು ಯಾರೂ ಕೇಳಲಿಲ್ಲ,
ಷರ್ಟಿನ ಗುಂಡಿ ಎಷ್ಟು ಬಿಚ್ಚಿತ್ತೆಂದು ಬರೆಯಲಿಲ್ಲ.
ಬರೆಯಲೂಬಾರದು. ಸತ್ತವನನ್ನು ಜಾಡಿಸಿ ಏನು ಬರುತ್ತದೆ.
ಒಳ್ಳೆಯ ಗಿರಾಕಿ; ಬೆಕ್ಕಿಗೆಂದು
ಮೀನಿನ ತಲೆ ಪುಕ್ಕಟೆ ಕೇಳುತ್ತಿದ್ದ.
ಮೊನ್ನೆ ಅವನ ಹೆಂಡತಿ ಬಂದಿದ್ದಳು. ಕಪ್ಪು ಶಾಲು.
‘ಪೇಪರಿನಲ್ಲಿರುವ ಆ ಗಂಡ
ಒಂದು ರಾತ್ರಿಯಾದರೂ ಮನೆಗೆ ಬಂದಿದ್ದರೆ!’
ಎಂದು ಅರ್ಧ ನಕ್ಕು, ಅರ್ಧಕ್ಕೇ ನಿಲ್ಲಿಸಿದಳು.
ಒಂದು ಕಿಲೋ ಕಟ್ಟಿಕೊಟ್ಟೆ. ತಲೆಗಳನ್ನು ಬೇರೆ ಚೀಲದಲ್ಲಿ.

ಕಟ್ಟಲು ನಿಮ್ಮದೇ ಹಳೆಯ ಪೇಪರು, ತೂಕಕ್ಕೆ ಕೊಳ್ಳುತ್ತೇನೆ.
ಆ ದಿನದ ಕಂತೆಯನ್ನು ಮಾತ್ರ ಬಿಚ್ಚಿಲ್ಲ.
ಮೀನಿಗೂ ಒಂದು ಮರ್ಯಾದೆ ಇದೆ.

ಹೋದ ವಾರ ರೇಸಿನ ಕುದುರೆಯ ಹೆಸರು ತಪ್ಪಾಗಿತ್ತೆಂದು
ಎರಡನೇ ಪುಟದ ಕೆಳಗೆ ತಿದ್ದುಪಡಿ ಹಾಕಿದಿರಲ್ಲ,
ಬೆರಳಗಲದ ಜಾಗ, ಅಷ್ಟೇ ಸಾಕು ನನಗೆ.
ಹೆಚ್ಚೇನೂ ಬೇಡ. ದೇವತೆಯಂಥವಳು ಎಂದೆಲ್ಲ ಬರೆಯಬೇಡಿ,
ಸಿಡುಕಿ, ಸಾಲಗಾತಿ, ಸುಳ್ಳೂ ಹೇಳುತ್ತಿದ್ದಳು.
ಕೈ ಯಾರದೆಂದು ಬರೆಯಿರಿ.

ಬೇಕಾದರೆ ಇಗೋ, ಮೇಜಿನ ಮೇಲಿಡುತ್ತೇನೆ,
ಚಿತ್ರಕ್ಕೆ ತಾಳೆ ಹಾಕಿ ನೋಡು.
ನಾರುತ್ತದೆ, ಹೌದು. ಎಷ್ಟು ನಿಂಬೆ ಉಜ್ಜಿದರೂ ಹೋಗದು.
ಹೊಸ ಅಂಗಿಯ ಮೇಲೆ ಕೈಯಿಡಬೇಡಮ್ಮಾ
ಎಂದು ಪ್ರತಿಸಲ ಕೊಸರಿಕೊಳ್ಳುತ್ತಿದ್ದಳು.

ಆ ದಿನ ಮಾತ್ರ ಸುಮ್ಮನಿದ್ದಳು. ಹುಟ್ಟುಹಬ್ಬವಲ್ಲವೇ,
ಇಟ್ಟುಕೊಳ್ಳಲಿ ಎಂದು.